ಮನೆಯ ಪಾಠವೂ ವಿಜ್ಞಾನದ ಪಠ್ಯಕ್ರಮವೂ

ಮಲೆನಾಡಿನ ಕಡೆಯ ವಾಚಕರೊಬ್ಬರು ನಮಗೆ ದೀರ್ಘವಾದ ಪತ್ರವೊಂದನ್ನು ಬರೆದಿರುವರು. ಅವರಿಗೆ ಮೂವರು ಮಕ್ಕಳು. ಹಿರಿಯ ಮಗಳಿಗೆ ಹದಿಮೂರು, ನಡುವಿನ ಮಗನಿಗೆ ಹತ್ತು, ಕಿರಿಯವನಿಗೆ ಏಳು. ತೋಟದ ಮನೆಯಿಂದ ಶಾಲೆಗೆ ಹೋಗಿಬರುವುದರಲ್ಲಿಯೇ ಮಕ್ಕಳ ಹೊತ್ತೂ ಕಸುವೂ ಕಳೆಯುತ್ತಿದ್ದುದರಿಂದ, ಎರಡು ವರ್ಷಗಳ ಹಿಂದೆ ಮೂವರನ್ನೂ ಶಾಲೆಯಿಂದ ಬಿಡಿಸಿ ದಂಪತಿಗಳೇ ಪಾಠ ಹೇಳುತ್ತಿರುವರಂತೆ. ಭಾಷೆ, ಲೆಕ್ಕ, ಚರಿತ್ರೆಗಳು ಹೇಗೋ ಸಾಗುತ್ತಿವೆ. ವಿಜ್ಞಾನದ ಬಳಿಗೆ ಬಂದಾಗ ದಿಕ್ಕು ತೋಚದಾಗಿದೆ. ಅಮೆರಿಕಾ ದೇಶದಲ್ಲಿ ಮನೆಪಾಠಕ್ಕೆಂದೇ ಅಚ್ಚಾದ ಪಠ್ಯಕ್ರಮಗಳು ವಯಸ್ಸಿಗೊಂದರಂತೆ ಪೆಟ್ಟಿಗೆಗಳಲ್ಲಿ ಮಾರಾಟವಾಗುತ್ತವೆ. ಮೂವರಿಗೂ ತರಿಸಿದರೆ ಒಂದು ವರ್ಷದ ಅಡಕೆಯ ಹಣದಲ್ಲಿ ದೊಡ್ಡ ಪಾಲು ಅದಕ್ಕೇ ಹೋದೀತು. "ಮೂರು ಮಕ್ಕಳಿಗೆ ಮೂರು ಪಠ್ಯಕ್ರಮಗಳು ಬೇಕೇ, ಒಂದರಿಂದಲೇ ಸಾಗಿಸಬಹುದೇ, ಕೊಳ್ಳುವುದಾದರೆ ಯಾವುದನ್ನು ಕೊಳ್ಳಬೇಕು?" ಎಂಬುದು ಅವರ ಪ್ರಶ್ನೆ. ಇದೇ ಪ್ರಶ್ನೆಯು ಇನ್ನೂ ಹಲವು ಮನೆಗಳಲ್ಲಿ ಎದ್ದಿರುವುದನ್ನು ನಾವು ಬಲ್ಲೆವಾದುದರಿಂದ ಉತ್ತರವನ್ನು ಈ ಅಂಕಣದಲ್ಲಿಯೇ ಕೊಡುತ್ತಿರುವೆವು.

ನಾವು ವಿಜ್ಞಾನಿಗಳಲ್ಲ. ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿ, ತರುವಾಯ ಮೆಟ್ರಿಕ್ಯುಲೇಷನ್ ಮುಗಿಸಿ ಪತ್ರಿಕೆಗೆ ಬಂದವರು. ಆದರೆ ವಿಜ್ಞಾನವನ್ನು ಹೇಗೆ ಕಲಿಸಕೂಡದೆಂಬುದಕ್ಕೆ ನಮ್ಮದೇ ಸಾಕ್ಷ್ಯವುಂಟು. ನಾವು ಓದಿದ ಹೈಸ್ಕೂಲಿನಲ್ಲಿ ಗಾಜಿನ ಬಾಗಿಲಿನ ಬೀರುವೊಂದಿತ್ತು. ಅದರೊಳಗೆ ಬುರುಡೆಗಳು, ನಳಿಕೆಗಳು, ಒಂದು ತಕ್ಕಡಿ, ಸೀಸೆಗಳ ಸಾಲು. ಮೂರು ವರ್ಷಗಳಲ್ಲಿ ಅದರ ಬೀಗವನ್ನು ತೆರೆದುದನ್ನು ನಾವು ಕಾಣಲಿಲ್ಲ. ಉಪಾಧ್ಯಾಯರು "ಆಮ್ಲಜನಕವು ಬಣ್ಣ, ರುಚಿ, ವಾಸನೆಗಳಿಲ್ಲದ ಅನಿಲ" ಎಂದು ಹೇಳಿ ಬರೆಯಿಸುವರು; ನಾವು ಅಮರಕೋಶದಂತೆಯೇ ಅದನ್ನೂ ಉರುಹೊಡೆದೆವು; ಒಳ್ಳೆಯ ಅಂಕಗಳೂ ಬಂದವು. ಅಮರಕೋಶವನ್ನು ಬಾಯಿಪಾಠ ಮಾಡುವುದರಿಂದ ಲಾಭವುಂಟು, ಶಬ್ದವು ನಾಲಗೆಗೆ ಬೇಕು. ಅನಿಲವನ್ನು ಬಾಯಿಪಾಠ ಮಾಡಿದುದರಿಂದ ನಮಗಾದ ಲಾಭವೇನೆಂಬುದು ಈವರೆಗೂ ತಿಳಿದಿಲ್ಲ.

ಮೊದಲು ಕಾನೂನಿನ ಮಾತು, ಸಂಕ್ಷೇಪವಾಗಿ. 2009ರ ಶಿಕ್ಷಣ ಹಕ್ಕಿನ ಕಾಯಿದೆಯು 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವುದು. ಆರರಿಂದ ಹದಿನಾಲ್ಕು ವರ್ಷದ ಮಕ್ಕಳನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯವೆಂದು ಅದರ 10ನೆಯ ಪ್ರಕರಣವು ಹೇಳುವುದು. ಸೇರಿಸದ ಪೋಷಕರಿಗೆ ದಂಡವನ್ನು ಮಾತ್ರ ಅದು ವಿಧಿಸಿಲ್ಲ. ಮನೆಯ ಪಾಠವನ್ನು ಹೆಸರೆತ್ತಿ ಒಪ್ಪಿಯೂ ಇಲ್ಲ, ನಿಷೇಧಿಸಿಯೂ ಇಲ್ಲ. ಅದೇ ಕಾಯಿದೆಯ 4ನೆಯ ಪ್ರಕರಣದಂತೆ, ನಡುವೆ ಶಾಲೆ ಬಿಟ್ಟ ಮಗುವು ಮರಳಿ ಬಂದರೆ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳತಕ್ಕದ್ದು. ಈ ಬಾಗಿಲು ತೆರೆದೇ ಇದೆಯೆಂಬುದನ್ನು ನಮ್ಮ ಪತ್ರಲೇಖಕರು ನೆನಪಿನಲ್ಲಿಡಲಿ, ಮಕ್ಕಳಿಗೂ ತಿಳಿಸಲಿ.

ಇನ್ನು ಒಂದೇ, ಮೂರೇ ಎಂಬ ಪ್ರಶ್ನೆ. ನಮ್ಮ ಉತ್ತರವು ವಿಷಯವನ್ನು ಅವಲಂಬಿಸಿರುವುದು. ವಿಜ್ಞಾನವೆಂಬುದರಲ್ಲಿ ಎರಡು ಬಗೆಯ ನೆಲವುಂಟು. ಗಿಡಮರ, ಹಕ್ಕಿಹುಳು, ಮಣ್ಣುಕಲ್ಲು, ಮಳೆಗಾಳಿ, ಆಕಾಶ ಇವು ಬಯಲಿನಂತೆ. ಯಾವ ಕಡೆಯಿಂದ ಬೇಕಾದರೂ ಒಳಹೊಗಬಹುದು. ಏಳು ವರ್ಷದವನೂ ಹದಿಮೂರು ವರ್ಷದವಳೂ ಒಂದೇ ಹುತ್ತದ ಮುಂದೆ ಕುಳಿತು ತಮ್ಮ ತಮ್ಮ ಕಣ್ಣಿಗೆ ಸಿಕ್ಕಿದ್ದನ್ನು ನೋಡಬಹುದು. ರಸಾಯನ, ವಿದ್ಯುತ್ತು, ಬಲ ಮತ್ತು ಚಲನೆ ಇವು ಏಣಿಯಂತೆ. ಕೆಳಗಿನ ಮೆಟ್ಟಿಲಿಲ್ಲದೆ ಮೇಲಿನದು ಸಿಕ್ಕದು. ಆ ಕೆಳಗಿನ ಮೆಟ್ಟಿಲು ಅನೇಕ ವೇಳೆ ಗಣಿತದ್ದು. ಉಪ್ಪುನೀರಿನಲ್ಲಿ ಕೋಳಿಮೊಟ್ಟೆ ತೇಲುವುದನ್ನು ಏಳು ವರ್ಷದವನು ನೋಡಿ ಚಪ್ಪಾಳೆ ತಟ್ಟುವನು. ಎಷ್ಟು ಚಮಚ ಉಪ್ಪಿಗೆ ತೇಲಿತೆಂದು ಹತ್ತು ವರ್ಷದವನು ಎಣಿಸುವನು. ಸಾಂದ್ರತೆಯೆಂಬ ಮಾತು ದಶಮಾಂಶದ ಭಾಗಾಕಾರ ಬಲ್ಲವಳಿಗೆ ಮಾತ್ರ ಅರ್ಥವುಳ್ಳದ್ದು. ಆದಕಾರಣ ಬಯಲಿನ ವಿಷಯಗಳಿಗೆ ಮೂವರಿಗೂ ಒಂದೇ ಪಾಠ ಸಾಕು. ಏಣಿಯ ವಿಷಯಗಳಲ್ಲಿ ಹಿರಿಯವಳಿಗೆ ಪ್ರತ್ಯೇಕವಾದ ಪುಸ್ತಕವೂ ಪ್ರತ್ಯೇಕವಾದ ಹೊತ್ತೂ ಬೇಕೇ ಬೇಕು.

ಅಮೆರಿಕಾದವರು ಈ ತೊಡಕನ್ನು ನಮಗಿಂತ ಮೊದಲೇ ಎದುರಿಸಿದವರು. ಅಲ್ಲಿ 1993ರ ವೇಳೆಗೆ ಐವತ್ತು ಸಂಸ್ಥಾನಗಳಲ್ಲಿಯೂ ಮನೆಪಾಠವು ಕಾನೂನುಸಮ್ಮತವಾಗಿತ್ತು. ಜೆಸ್ಸಿ ವೈಸ್ ಮತ್ತು ಸೂಸನ್ ವೈಸ್ ಬಾವರ್ ಎಂಬ ತಾಯಿಮಗಳು 1999ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ನಾಲ್ಕು ವರ್ಷದ ಸುತ್ತನ್ನು ಹೇಳಿರುವರು: ಮೊದಲ ವರ್ಷ ಜೀವಿಗಳು, ಎರಡನೆಯ ವರ್ಷ ಭೂಮಿ ಮತ್ತು ಆಕಾಶ, ಮೂರನೆಯ ವರ್ಷ ರಸಾಯನ, ನಾಲ್ಕನೆಯ ವರ್ಷ ಭೌತಶಾಸ್ತ್ರ, ಸುತ್ತು ಮುಗಿದೊಡನೆ ಮತ್ತೆ ಮೊದಲಿನಿಂದ, ಇನ್ನೂ ಆಳವಾಗಿ. ಇಡೀ ಮನೆಯೇ ಒಂದು ವರ್ಷ ಒಂದೇ ವಿಷಯದಲ್ಲಿ ಮುಳುಗಿರಬಹುದೆಂಬುದು ಇದರ ಗುಣ. ತಾಯಿಗೆ ದಿನಕ್ಕೆ ಮೂರು ಪಾಠಗಳ ಸಿದ್ಧತೆ ತಪ್ಪುವುದು. ಊಟದ ಹೊತ್ತಿನಲ್ಲಿ ಮಾತಾಡಲು ವಸ್ತುವೂ ಒದಗುವುದು. ದೋಷವೇನೆಂದರೆ, ಮಳೆಗಾಲದಲ್ಲಿ ಕಪ್ಪೆಯು ಮನೆಯಂಗಳಕ್ಕೆ ಬಂದು ಕೂಗುವಾಗ "ಈ ವರ್ಷ ನಮ್ಮದು ರಸಾಯನ" ಎಂದು ಬಾಗಿಲು ಮುಚ್ಚಿಕೊಳ್ಳಬೇಕಾದೀತು. ಸುತ್ತಿನ ಉಪಾಯವನ್ನು ಇಟ್ಟುಕೊಂಡು, ವರ್ಷಕ್ಕೆ ಬದಲು ಋತುವಿಗೊಂದು ವಿಷಯವೆಂದು ಮಾಡಿಕೊಂಡರೆ ನಮ್ಮ ಸೀಮೆಗೆ ಹೆಚ್ಚು ಹೊಂದುವುದೆಂದು ನಮಗೆ ತೋರುತ್ತದೆ.

ಒಂದೇ ಪಾಠವು ಮೂರು ವಯಸ್ಸಿಗೆ ಹೇಗೆ ಒದಗುವುದೆಂಬುದಕ್ಕೆ ಮೇಣದ ಬತ್ತಿಯನ್ನು ತೆಗೆದುಕೊಳ್ಳೋಣ. ಕಮ್ಮಾರನ ಮಗನಾಗಿ ಹುಟ್ಟಿ, ಪುಸ್ತಕ ಕಟ್ಟುವವನ ಅಂಗಡಿಯಲ್ಲಿ ಕೆಲಸ ಕಲಿಯುತ್ತ, ಕಟ್ಟಲು ಬಂದ ಪುಸ್ತಕಗಳನ್ನೇ ಓದಿ ವಿದ್ವಾಂಸನಾದ ಮೈಕೇಲ್ ಫ್ಯಾರಡೆಯು ಲಂಡನ್ನಿನ ರಾಯಲ್ ಇನ್ಸ್ಟಿಟ್ಯೂಷನ್ನಿನಲ್ಲಿ 1860-61ರ ಕ್ರಿಸ್ಮಸ್ ಸಮಯದಲ್ಲಿ ಬಾಲಕರ ಮುಂದೆ ಆರು ಉಪನ್ಯಾಸಗಳನ್ನು ಈ ಒಂದು ಬತ್ತಿಯ ಮೇಲೆಯೇ ಮಾಡಿದನು. ಕಿರಿಯವನು ಉರಿಯನ್ನು ನೋಡಿ ಬಣ್ಣದ ಸೀಸದಕಡ್ಡಿಯಿಂದ ಬರೆಯಲಿ: ಬುಡದಲ್ಲಿ ನೀಲಿ, ಬತ್ತಿಯ ಸುತ್ತ ಕಪ್ಪು ಛಾಯೆ, ಮೇಲೆ ಹಳದಿ. ನೋಡದೆ ಬರೆದರೆ ಇಡಿಯಾಗಿ ಹಳದಿ ಬಳಿಯುವನು. ನೋಡಿದರೆ ಮಾತ್ರ ಮೂರು ಬಣ್ಣಗಳು. ನಡುವಿನವನು ಮೂರು ಅಳತೆಯ ಗಾಜಿನ ಪಾತ್ರೆಗಳನ್ನು ಬೋರಲು ಹಾಕಿ, ಯಾವುದರೊಳಗೆ ಬತ್ತಿಯು ಎಷ್ಟು ಸೆಕೆಂಡು ಉರಿಯಿತೆಂದು ಗಡಿಯಾರ ಹಿಡಿದು ಬರೆಯಲಿ. ಪ್ರತಿಯೊಂದನ್ನೂ ಮೂರು ಸಲ ಮಾಡಲಿ. ಮೂರು ಸಲವೂ ಒಂದೇ ಅಂಕಿ ಬಾರದಿದ್ದರೆ ತಿದ್ದದೆ ಹಾಗೆಯೇ ಬರೆಯಲಿ. ಹಿರಿಯವಳು ಎಲೆಯಡಿಕೆಯ ಸುಣ್ಣವನ್ನು ನೀರಿನಲ್ಲಿ ಕದಡಿ, ರಾತ್ರಿ ಇಟ್ಟು, ಬೆಳಗ್ಗೆ ತಿಳಿಯನ್ನು ಬಸಿದು, ಬತ್ತಿ ಆರಿದ ಪಾತ್ರೆಗೆ ಅದನ್ನು ಹೊಯ್ದು ಕುಲುಕಲಿ. ತಿಳಿಯು ಹಾಲಿನಂತಾಗುವುದು. ಏತಕ್ಕೆಂಬುದನ್ನು ಅವಳು ಸಮೀಕರಣದಲ್ಲಿ ಬರೆಯಬಲ್ಲವಳಾಗಬೇಕು. (ಸುಣ್ಣದ ತಿಳಿ ಕಣ್ಣಿಗೆ ಸಿಡಿಯದಂತೆ ಹಿರಿಯರು ಹತ್ತಿರವಿರತಕ್ಕದ್ದು.)

ಇದೇ ಬತ್ತಿಯಲ್ಲಿ ಪಠ್ಯಪುಸ್ತಕದ ಒರೆಗಲ್ಲೂ ಅಡಗಿರುವುದು. ತಟ್ಟೆಯಲ್ಲಿ ನೀರು ಹಾಕಿ, ನಡುವೆ ಬತ್ತಿ ಹಚ್ಚಿ, ಗಾಜಿನ ಲೋಟವನ್ನು ಬೋರಲಿಟ್ಟರೆ ಬತ್ತಿಯು ಆರಿ ನೀರು ಲೋಟದೊಳಗೆ ಮೇಲೇರುವುದು. "ಗಾಳಿಯಲ್ಲಿ ಐದನೆಯ ಒಂದು ಪಾಲು ಆಮ್ಲಜನಕ, ಅದು ಉರಿದು ಮುಗಿದುದರಿಂದ ಆ ಸ್ಥಳವನ್ನು ನೀರು ತುಂಬಿತು" ಎಂದು ಎಷ್ಟೋ ಪುಸ್ತಕಗಳು ಹೇಳುತ್ತವೆ. ಇದು ತಪ್ಪು. ಉರಿದ ಆಮ್ಲಜನಕಕ್ಕೆ ಬದಲಾಗಿ ಇಂಗಾಲದ ಡೈಆಕ್ಸೈಡೂ ನೀರಿನ ಆವಿಯೂ ಹುಟ್ಟುತ್ತವೆ. ಆಮ್ಲಜನಕವು ಸಾಕಷ್ಟು ಉಳಿದಿರುವಾಗಲೇ ಬತ್ತಿಯು ಆರುವುದು. ನೀರು ಏರುವುದಕ್ಕೆ ಮುಖ್ಯ ಕಾರಣವೆಂದರೆ ಉರಿಯಿಂದ ಕಾದು ಹಿಗ್ಗಿದ್ದ ಗಾಳಿಯು ಬತ್ತಿ ಆರಿದ ಮೇಲೆ ತಣ್ಣಗಾಗಿ ಕುಗ್ಗುವುದು. ಇದನ್ನು ಮಕ್ಕಳೇ ಕಂಡುಹಿಡಿಯಬಹುದು. ನೀರು ಬತ್ತಿ ಉರಿಯುವಾಗ ಮೆಲ್ಲಮೆಲ್ಲನೆ ಏರುವುದೋ, ಆರಿದ ಮೇಲೆ ತಟ್ಟನೆ ಏರುವುದೋ ನೋಡಲಿ. ಒಂದು ಬತ್ತಿಗೆ ಬದಲು ಮೂರು ಬತ್ತಿಗಳನ್ನಿಟ್ಟು ನೋಡಲಿ; ಲೋಟದ ಗಾಳಿಯು ಅಷ್ಟೇ ಇದ್ದರೂ ನೀರು ಹೆಚ್ಚು ಏರುವುದು. ಹಣ ಕೊಡುವ ಮೊದಲು ನಮ್ಮ ಪತ್ರಲೇಖಕರು ಪುಸ್ತಕದಲ್ಲಿ ಈ ಪ್ರಯೋಗವನ್ನು ಹುಡುಕಿ ಓದಲಿ. ಐದನೆಯ ಒಂದು ಪಾಲಿನ ಕಥೆಯನ್ನು ಹೇಳಿದ್ದರೆ, ಬರೆದಾತನು ಬತ್ತಿ ಹಚ್ಚಿ ನೋಡಲಿಲ್ಲವೆಂದು ತಿಳಿದು ಪುಸ್ತಕವನ್ನು ಕೆಳಗಿಡಬಹುದು.

ಪರದೇಶದ ಪೆಟ್ಟಿಗೆಯ ವಿಷಯದಲ್ಲಿ ನಮ್ಮ ಆಕ್ಷೇಪಣೆಯು ಅದು ಪರದೇಶದ್ದೆಂಬುದಲ್ಲ. ಫ್ಯಾರಡೆಯೂ ಪರದೇಶದವನೇ. ಆಕ್ಷೇಪಣೆ ಏನೆಂದರೆ, ಅದರಲ್ಲಿರುವ ಸೂರ್ಯನು ನಮ್ಮ ಸೂರ್ಯನಲ್ಲ. ಅಮೆರಿಕಾದ ಮುಖ್ಯಭೂಮಿಯು ಕರ್ಕಾಟಕ ಸಂಕ್ರಾಂತಿವೃತ್ತದಿಂದ ಉತ್ತರಕ್ಕಿರುವುದು. ಆದುದರಿಂದ ನಡುಹಗಲಿನ ಸೂರ್ಯನು ಸದಾ ದಕ್ಷಿಣಕ್ಕೆ ವಾಲಿರುವನೆಂದೂ, ನೆತ್ತಿಯ ಮೇಲೆ ಎಂದೂ ಬಾರನೆಂದೂ ಅಲ್ಲಿಯ ಮಕ್ಕಳು ಸರಿಯಾಗಿಯೇ ಕಲಿಯುವರು. ಇಡೀ ಕರ್ನಾಟಕವು ಆ ವೃತ್ತದಿಂದ ದಕ್ಷಿಣಕ್ಕಿರುವುದು. ಇಲ್ಲಿ ವರ್ಷಕ್ಕೆ ಎರಡು ದಿನ ನಡುಹಗಲಿನಲ್ಲಿ ನೆಟ್ಟ ಕೋಲಿನ ನೆರಳು ಇಲ್ಲವಾಗುವುದು. ಬೆಂಗಳೂರಿನಲ್ಲಿ ಅದು ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ. ಉತ್ತರಕ್ಕೆ ಹೋದಂತೆ ಮೊದಲನೆಯ ದಿನವು ಮುಂದಕ್ಕೂ ಎರಡನೆಯದು ಹಿಂದಕ್ಕೂ ಸರಿಯುವುದು. ಬೀದರದವರು ಮೇ ತಿಂಗಳವರೆಗೆ ಕಾಯಬೇಕು. ಈ ಎರಡು ದಿನಗಳ ನಡುವೆ ನಡುಹಗಲಿನ ನೆರಳು ದಕ್ಷಿಣಕ್ಕೆ ಬೀಳುವುದು. ಅಮೆರಿಕಾದ ಪುಸ್ತಕವನ್ನು ಮಾತ್ರ ನಂಬಿದ ಮಗುವು ತನ್ನ ಅಂಗಳದ ನೆರಳನ್ನೇ ತಪ್ಪೆನ್ನಬೇಕಾದೀತು. ಋತುಗಳ ಸಂಗತಿಯೂ ಹಾಗೆಯೇ. ಹಿಮ ಬೀಳುವ ಚಳಿಗಾಲವನ್ನೂ ಎಲೆಯುದುರುವ ಶರತ್ತನ್ನೂ ವರ್ಣಿಸುವ ಪುಸ್ತಕದಲ್ಲಿ ಮುಂಗಾರಿಗೆ ಒಂದು ಪುಟವಿರುವುದು ಅಪರೂಪ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಮೀರಿದ ಮಳೆ. ಅದೇ ಘಟ್ಟವನ್ನು ಇಳಿಯದೆ ಪೂರ್ವಕ್ಕೆ ಒಂದು ಹಗಲು ಪ್ರಯಾಣ ಮಾಡಿದರೆ ಚಿತ್ರದುರ್ಗದ ಒಣ ಸೀಮೆ. ನೇರ ಗೋಡೆಯ ಒಂದು ಡಬ್ಬಿ, ಒಂದು ಅಳತೆ ಪಟ್ಟಿ, ಜೂನಿನಿಂದ ಸೆಪ್ಟೆಂಬರಿನವರೆಗೆ ದಿನವೂ ಬೆಳಗ್ಗೆ ಒಂದು ಅಂಕಿ: ಇಷ್ಟರಿಂದ ಮೂವರಿಗೂ ನಾಲ್ಕು ತಿಂಗಳ ಪಾಠವಾಗುವುದು. ಆಮ್ಲ ಪ್ರತ್ಯಾಮ್ಲಗಳನ್ನು ತೋರಿಸಲು ಅವರ ಪುಸ್ತಕವು ಕೆಂಪು ಕೋಸನ್ನು ಕೇಳುವುದು; ನಮ್ಮ ಮನೆಯಲ್ಲಿ ಆರತಿಯ ನೀರಿಗೆ ಅರಿಸಿನ ಸುಣ್ಣಗಳನ್ನು ಬೆರೆಸಿ ಕೆಂಪಾಗಿಸುವುದನ್ನು ಮಕ್ಕಳು ತೊಟ್ಟಿಲಿನಿಂದ ನೋಡಿರುವರು. ಅದಕ್ಕೆ ನಿಂಬೆಹುಳಿ ಹಿಂಡಿದರೆ ಏನಾಗುವುದೆಂದು ಕೇಳಿದವರು ಮಾತ್ರ ಕಡಮೆ.

ಇನ್ನೊಂದು ಎಚ್ಚರವನ್ನು ಹೇಳಲೇಬೇಕು. ಅಮೆರಿಕಾದಲ್ಲಿ ಮನೆಪಾಠಕ್ಕೆ ಹೊರಟವರಲ್ಲಿ ಅನೇಕರು ಮತಶ್ರದ್ಧೆಯಿಂದ ಹೊರಟವರು. ಅವರಿಗಾಗಿ ಬರೆದ ಕೆಲವು ವಿಜ್ಞಾನ ಪುಸ್ತಕಗಳು ಭೂಮಿಗೆ ವಯಸ್ಸು ಆರರಿಂದ ಹತ್ತು ಸಾವಿರ ವರ್ಷಗಳೆಂದು ಬೋಧಿಸುತ್ತವೆ. ಹೊರಕವಚದ ಮೇಲೆ ಸುಂದರವಾದ ಚಿತ್ರ, ಒಳಗೆ ಈ ಬೋಧನೆ. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ; ಬೆಂಗಳೂರಿನ ಲಾಲ್‌ಬಾಗಿನ ಬಂಡೆಯೊಂದೇ ಸುಮಾರು 300 ಕೋಟಿ ವರ್ಷದ್ದು, ಮಕ್ಕಳನ್ನು ಅದರ ಮೇಲೆ ಹತ್ತಿಸಿ ತೋರಿಸಬಹುದು. ಹಾಗೆಂದು ದೇಶದೊಳಗಿನ ಪುಸ್ತಕವಾದರೆ ಕಣ್ಣು ಮುಚ್ಚಿ ಕೊಳ್ಳಬಹುದೆಂದು ಅರ್ಥವಲ್ಲ. 2023ರಲ್ಲಿ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿಯ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ಜೀವವಿಕಾಸದ ಭಾಗವೂ ಧಾತುಗಳ ಆವರ್ತನೀಯ ವರ್ಗೀಕರಣದ ಅಧ್ಯಾಯವೂ ತೆಗೆದುಹಾಕಲ್ಪಟ್ಟವು. ಹೊರೆ ಇಳಿಸುವುದಕ್ಕಾಗಿ ಎಂದು ಸಮಾಧಾನ ಹೇಳಲಾಯಿತು. ಮುಂದೆ ಹನ್ನೊಂದು ಹನ್ನೆರಡನೆಯ ತರಗತಿಗಳಲ್ಲಿ ಅವು ಇರುವವೆಂಬುದೂ ನಿಜ; ಆದರೆ ಹತ್ತಕ್ಕೆ ವಿಜ್ಞಾನವನ್ನು ಬಿಡುವ ಮಗುವಿಗೆ ಅವು ಎಂದೆಂದಿಗೂ ಸಿಕ್ಕವು. ಮನೆಯಲ್ಲಿ ಕಲಿಸುವವರಿಗೆ ಇರುವ ಒಂದು ದೊಡ್ಡ ಅನುಕೂಲವೆಂದರೆ, ಇತರರು ಇಳಿಸಿದ ಹೊರೆಯನ್ನು ತಾವು ಎತ್ತಿಕೊಳ್ಳಬಹುದು.

ಪಾಠಶಾಲೆಯವರಾದ ನಮ್ಮಿಂದ ಇನ್ನೊಂದು ಮಾತನ್ನು ಕೆಲವರು ನಿರೀಕ್ಷಿಸಿರಬಹುದು, ನಮ್ಮ ಪೂರ್ವಿಕರಿಗೆ ಎಲ್ಲವೂ ತಿಳಿದಿತ್ತೆಂದು. ನಾವು ಆರ್ಯಭಟನನ್ನು ಓದಿದ್ದೇವೆ. ವೃತ್ತದ ಪರಿಧಿಗೂ ವ್ಯಾಸಕ್ಕೂ ಇರುವ ಪ್ರಮಾಣವನ್ನು 3.1416 ಎಂದು ಬರುವಂತೆ ಲೆಕ್ಕ ಕೊಟ್ಟ ಆ ಮಹನೀಯನು ಅದನ್ನು "ಆಸನ್ನ" ಎಂದು ಕರೆದಿರುವನು. ಅಂದರೆ ಹತ್ತಿರದ ಬೆಲೆ, ಪೂರ್ತಿ ನಿಖರವಲ್ಲ. ಆ ಒಂದು ಶಬ್ದವನ್ನು ಮಕ್ಕಳಿಗೆ ಕಲಿಸುವವರಿದ್ದರೆ ಆರ್ಯಭಟನನ್ನು ಧಾರಾಳವಾಗಿ ಪಠ್ಯಕ್ರಮದಲ್ಲಿ ಸೇರಿಸಲಿ.

ಹಾಗಾದರೆ ಏನನ್ನು ಕೊಳ್ಳಬೇಕು? ಕೊಳ್ಳುವುದಕ್ಕಿಂತ ಆಯ್ದುಕೊಳ್ಳುವುದೇ ಹೆಚ್ಚು. ಮುಂಬಯಿಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದವರು ಮೂರು, ನಾಲ್ಕು, ಐದನೆಯ ತರಗತಿಗಳಿಗೆ "ಸ್ಮಾಲ್ ಸೈನ್ಸ್" ಎಂಬ ಪುಸ್ತಕಮಾಲೆಯನ್ನು ಮಾಡಿರುವರು. ಓದುವ ಪುಸ್ತಕ, ಬರೆಯುವ ಪುಸ್ತಕ, ಕಲಿಸುವವರ ಪುಸ್ತಕ ಎಂದು ಮೂರು ಭಾಗ. ಕಲಿಸುವವರ ಪುಸ್ತಕವನ್ನು ತಂದೆತಾಯಿಗಳು ಮೊದಲು ಓದಲಿ. ಪ್ರಶ್ನೆಗೆ ಉತ್ತರವನ್ನು ಕೂಡಲೆ ಹೇಳದೆ ಸುಮ್ಮನಿರುವುದು ಹೇಗೆಂಬುದನ್ನು ಅದರಿಂದ ಕಲಿಯಬಹುದು. ಕಿರಿಯರಿಬ್ಬರಿಗೂ ಇದು ಸಾಕು. ಅದರ ಮೇಲಿನ ವಯಸ್ಸಿಗೆ ಹೋಶಂಗಾಬಾದಿನ "ಬಾಲ ವೈಜ್ಞಾನಿಕ" ಪುಸ್ತಕಗಳಿವೆ. ಮಧ್ಯಪ್ರದೇಶದ ಆ ಜಿಲ್ಲೆಯ 16 ಶಾಲೆಗಳಲ್ಲಿ 1972ರಲ್ಲಿ ಆರಂಭವಾಗಿ, 1978ರಲ್ಲಿ ಇಡೀ ಜಿಲ್ಲೆಗೆ ಹರಡಿದ ಆ ಪ್ರಯೋಗದಲ್ಲಿ ಮಕ್ಕಳು ತಾವೇ ಮಾಡಿ ನೋಡಿ ಬರೆದುದೇ ಪಾಠ; ಪರೀಕ್ಷೆಗೆ ಪುಸ್ತಕವನ್ನು ತೆರೆದಿಟ್ಟುಕೊಂಡು ಕುಳಿತುಕೊಳ್ಳಬಹುದಾಗಿತ್ತು, ಕೈಯಿಂದ ಪ್ರಯೋಗ ಮಾಡಿ ತೋರಿಸುವ ಪರೀಕ್ಷೆಯೂ ಇತ್ತು. 2002ರಲ್ಲಿ ಅಲ್ಲಿಯ ಸರಕಾರವು ಅದನ್ನು ನಿಲ್ಲಿಸಿತು. ಪುಸ್ತಕಗಳು ಹಿಂದಿಯಲ್ಲಿವೆ, ಭಾಷೆ ಸರಳ. ಆ ಕಾರ್ಯದಲ್ಲಿ ಸೇರಿದ್ದ ಅರವಿಂದ ಗುಪ್ತರು ಬೆಂಕಿಕಡ್ಡಿ ಮತ್ತು ಸೈಕಲ್ಲಿನ ವಾಲ್ವ್ ಟ್ಯೂಬಿನ ತುಂಡುಗಳಿಂದ ರೇಖಾಗಣಿತವನ್ನು ಕಟ್ಟಿಸಿದವರು. ಅವರ ಆಟಿಕೆಗಳಿಗೆ ಅಂಗಡಿಯ ಪೆಟ್ಟಿಗೆ ಬೇಡ, ಕಸದ ಬುಟ್ಟಿ ಸಾಕು.

ಕನ್ನಡದಲ್ಲಿ ಏನಿದೆಯೆಂದು ಕೇಳಿದರೆ ನಾಚಿಕೊಳ್ಳಬೇಕಾದುದಿಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರರೂ 1918ರಲ್ಲಿಯೇ "ವಿಜ್ಞಾನ"ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದ ನಾಡು ಇದು. ಶಿವರಾಮ ಕಾರಂತರು ಒಬ್ಬರೇ ಕುಳಿತು "ಬಾಲಪ್ರಪಂಚ"ದ ಮೂರು ಸಂಪುಟಗಳನ್ನು 1936ರಲ್ಲಿ ಕೊಟ್ಟರು. ಅವುಗಳಲ್ಲಿಯ ಸಂಗತಿಗಳು ಈಗ ಹಳೆಯವಾಗಿರುವುದರಿಂದ ಪಠ್ಯವಾಗಿ ಒದಗವು; ಒಂದು ಸಂಗತಿಯನ್ನು ಮಗುವಿಗೆ ಕನ್ನಡದಲ್ಲಿ ಹೇಗೆ ಬಿಡಿಸಿ ಹೇಳಬೇಕೆಂಬುದಕ್ಕೆ ಈಗಲೂ ಮಾದರಿಯಾಗಿವೆ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ "ಬಾಲ ವಿಜ್ಞಾನ"ದ ಹಳೆಯ ಸಂಚಿಕೆಗಳು ಸಿಕ್ಕಿದಲ್ಲಿ ಬಿಡಬಾರದು. ಹಿರಿಯವಳ ಏಣಿಗೆ ಪಠ್ಯಪುಸ್ತಕ ಸಂಘವು ಅಚ್ಚು ಮಾಡಿಸುವ ಕನ್ನಡ ಮಾಧ್ಯಮದ ವಿಜ್ಞಾನ ಪುಸ್ತಕವಿರಲಿ. ಇಂಗ್ಲಿಷಿನದನ್ನು ಪಕ್ಕದಲ್ಲಿಟ್ಟುಕೊಂಡು ಪರಿಭಾಷೆಯನ್ನು ಎರಡರಲ್ಲಿಯೂ ಕಲಿಯಲಿ. ಉಳಿದ ಹಣದಲ್ಲಿ ಒಂದು ಒಳ್ಳೆಯ ಭೂತಗನ್ನಡಿ, ಉಷ್ಣಮಾಪಕ, ಅಳತೆಯ ಗಾಜು, ಎರಡು ಅಯಸ್ಕಾಂತ, ಅರ್ಧ ಗ್ರಾಮನ್ನಾದರೂ ತೋರಿಸುವ ತಕ್ಕಡಿ. ತಕ್ಕಡಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಬಾರದೆಂದು ನಾವು ಹೇಳಬೇಕಾಗಿಲ್ಲ.

ಪತ್ರದಲ್ಲಿಯ ಒಂದು ವಾಕ್ಯವು ನಮ್ಮನ್ನು ಚಿಂತೆಗೀಡುಮಾಡಿರುವುದು. "ಕಿರಿಯರಿಬ್ಬರಿಗೆ ವಿಜ್ಞಾನವನ್ನು ಈಗ ದೊಡ್ಡವಳೇ ಹೇಳಿಕೊಡುತ್ತಾಳೆ, ಅದರಿಂದ ಅವಳಿಗೂ ಅಭ್ಯಾಸವಾಗುತ್ತದೆ" ಎಂದು ತಂದೆಯವರು ಹೆಮ್ಮೆಯಿಂದ ಬರೆದಿರುವರು. ಅಭ್ಯಾಸವಾಗುವುದು ನಿಜ, ಏಳು ವರ್ಷದವನ ಪಾಠದ ಅಭ್ಯಾಸ. ಒಂದೇ ಪಠ್ಯಕ್ರಮದಲ್ಲಿ ಮೂವರನ್ನೂ ಸಾಗಿಸುವ ಮನೆಗಳಲ್ಲಿ ನಷ್ಟವಾಗುವುದು ಅನೇಕ ವೇಳೆ ಹಿರಿಯ ಮಗುವಿಗೆ. ಆ ಹಿರಿಯ ಮಗುವು ಹೆಣ್ಣಾದರೆ ಅವಳು ತಿಳಿಯದೆಯೇ ಸಂಬಳವಿಲ್ಲದ ಉಪಾಧ್ಯಾಯಿನಿಯಾಗಿಬಿಡುವಳು. ಬತ್ತಿಯ ಪಾಠದಲ್ಲಿ ತಮ್ಮಂದಿರ ಲೋಟ ತಟ್ಟೆಗಳನ್ನು ಹೊಂದಿಸಿಕೊಡುವುದರಲ್ಲಿ ಅವಳ ಹೊತ್ತು ಕಳೆಯುವುದು. ಸಮೀಕರಣವು "ನಾಳೆ"ಗೆ ಉಳಿಯುವುದು. ಅವಳಿಗೆ ಈಗ ಹದಿಮೂರು. ರಾಷ್ಟ್ರೀಯ ಮುಕ್ತ ವಿದ್ಯಾಲಯದ ಮಾಧ್ಯಮಿಕ ಪರೀಕ್ಷೆಗೆ ಹದಿನಾಲ್ಕು ತುಂಬಿದವರು ಹೆಸರು ನೋಂದಾಯಿಸಬಹುದು. ಅದರ ವಿಜ್ಞಾನ ವಿಷಯಕ್ಕೆ ಪ್ರಯೋಗದ ಪರೀಕ್ಷೆಯೂ ಉಂಟು. ಮೂರನೆಯ, ಐದನೆಯ, ಎಂಟನೆಯ ತರಗತಿಗಳಿಗೆ ಸಮನಾದ ಮೂರು ಮಟ್ಟಗಳನ್ನೂ ಅದೇ ಸಂಸ್ಥೆಯು ಇಟ್ಟಿರುವುದರಿಂದ ತಮ್ಮಂದಿರಿಗೆ ಅವಸರವಿಲ್ಲ. ಇವಳಿಗೆ ಉಂಟು. ಮುಂದೆ ಅವಳು ವೈದ್ಯಳಾಗಬೇಕೆಂದಾಗಲಿ ಎಂಜಿನಿಯರಳಾಗಬೇಕೆಂದಾಗಲಿ ಹೇಳಿದಾಗ, ಹತ್ತಕ್ಕೆ ಗಣಿತವನ್ನೂ ವಿಜ್ಞಾನವನ್ನೂ ಗಟ್ಟಿಯಾಗಿ ಮುಗಿಸಿರದಿದ್ದರೆ ಮನೆಯವರ ಸದುದ್ದೇಶವನ್ನು ಯಾವ ಕಾಲೇಜೂ ಪ್ರಮಾಣಪತ್ರವೆಂದು ಸ್ವೀಕರಿಸದು.

ಆದುದರಿಂದ ದಿನಕ್ಕೆ ಒಂದು ಗಂಟೆ, ಕಿರಿಯರು ಅಂಗಳದಲ್ಲಿ ಆಡುವ ಹೊತ್ತಿನಲ್ಲಿ, ತಂದೆಯಾಗಲಿ ತಾಯಿಯಾಗಲಿ ಅವಳೊಬ್ಬಳೊಡನೆ ಕುಳಿತುಕೊಳ್ಳತಕ್ಕದ್ದು. ತಮಗೆ ತಿಳಿಯದ ಅಧ್ಯಾಯವಾದರೆ ಅವಳೊಡನೆ ತಾವೂ ಕಲಿಯಲಿ; ತಿಳಿಯದೆಂದು ಮಗಳ ಮುಂದೆ ಒಪ್ಪಿಕೊಳ್ಳುವುದರಲ್ಲಿ ಅವಮಾನವಿಲ್ಲ. ತಾಲ್ಲೂಕಿನ ಹೈಸ್ಕೂಲಿನಲ್ಲಾಗಲಿ ಕಾಲೇಜಿನಲ್ಲಾಗಲಿ ವಾರಕ್ಕೊಂದು ಮಧ್ಯಾಹ್ನ ಪ್ರಯೋಗಶಾಲೆಯನ್ನು ಬಳಸಗೊಡುವ ಉಪಾಧ್ಯಾಯರೊಬ್ಬರನ್ನು ಈಗಿನಿಂದಲೇ ಹುಡುಕಲಿ. ಅಂಥವರು ಇಲ್ಲದಿಲ್ಲ, ಕೇಳುವವರು ಹೋಗುವುದಿಲ್ಲ. ತಮ್ಮಂದಿರ ಪಾಠವನ್ನು ಹಿರಿಯರು ವಹಿಸಿಕೊಳ್ಳಲಿ. ಅಷ್ಟು ಹೊತ್ತು ಇಬ್ಬರಿಗೂ ಇಲ್ಲವಾದರೆ, ಮಗಳನ್ನಾದರೂ ಮುಂದಿನ ಜೂನಿನಲ್ಲಿ ಶಾಲೆಗೆ ಸೇರಿಸುವುದು ಲೇಸೆಂದು ನಾವು ನಿಸ್ಸಂಕೋಚವಾಗಿ ಹೇಳುವೆವು.

ಪತ್ರಲೇಖಕರ ಊರು ಬೆಂಗಳೂರಿಗಿಂತ ತುಸು ಉತ್ತರಕ್ಕಿರುವುದು. ಏಪ್ರಿಲಿನ ಕೊನೆಯ ವಾರದಲ್ಲಿ ಮೂವರೂ ಅಂಗಳದಲ್ಲಿ ಕೋಲು ನೆಟ್ಟು, ಯಾವ ದಿನ ಯಾವ ಗಳಿಗೆಯಲ್ಲಿ ನೆರಳು ಅಡಗಿತೆಂಬುದನ್ನು ಬರೆದು ಕಳುಹಿಸಿದರೆ ಅದನ್ನು ಈ ಪುಟದಲ್ಲಿಯೇ ಪ್ರಕಟಿಸುವೆವು. ಲೆಕ್ಕವನ್ನು ಹಿರಿಯವಳೇ ಬರೆಯಲಿ.